ಜಟ್ಟು ಆರಿಸಿದ ಜೋಡಿದೋಣಿ

ಏಳಿ, ಏಳಿ! ಕೂತಿದ್ದು ನನ್ನ ಬಲೆ ಮೇಲೆ. ಆಚೆ ಸರೀರಿ. ಏ ಮಾಬ್ಲಾ, ನಾಲ್ಕು ಮಕ್ಕಳ ಅಪ್ಪ ನೀನು, ಸುಮ್ಮನೆ ಬಾಯಿ ಬಿಟ್ಕೊಂಡು ಕೂರಬೇಡ, ಬಲೆಯ ಆ ತುದಿ ಹಿಡ್ಕೋ, ನಾನು ಈ ಕಡೆಯಿಂದ ಹೊಲೀತಾ ಬರ್ತೇನೆ. ಕೈಗೆ ಕೆಲಸ ಇದ್ರೇ ನನ್ನ ಬಾಯಿ ಓಡೋದು. ಕತೆ ಬೇಕಾ? ಜಟ್ಟುವಿನ ಕತೆ ಹೇಳ್ತೇನೆ. ನಗೋದಾದ್ರೆ ನಗಿ, ಅಳೋದಾದ್ರೆ ಅಳಿ, ನಂಗೇನು. ನಡುವೆ ಬಾಯಿ ಹಾಕಬೇಡಿ, ಅಷ್ಟೇ.

ಮರಳುಕೇರಿ ಅಂತ ಊರು, ಹೊಳೆ ಸಮುದ್ರ ಸೇರೋ ಕಡೆ. ಅಲ್ಲಿ ಮಾಸ್ತಕ್ಕ ಅಂತ ಒಬ್ಬ ಹೆಂಗಸು. ಗಂಡ ಇಲ್ಲ. ಮಕ್ಕಳಿಬ್ಬರು. ಮಗಳು ನೀಲು, ಜಾಣೆ. ಮಗ ಜಟ್ಟು. ಅವನ ವಿಷಯಕ್ಕೆ ಬರ್ತೇನೆ. ಆಳು ನೋಡಿದ್ರೆ ತೊಲೆ! ಇಬ್ಬರ ಕೆಲಸ ಒಬ್ಬನೇ ಮಾಡೋನು. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಕೂದಲೆಳೆಯಷ್ಟು ಆಚೆ ಇಲ್ಲ, ಈಚೆ ಇಲ್ಲ.

ಒಂದು ದಿನ ಮಾಸ್ತಕ್ಕ ಅಂಗಳದ ತುಂಬ ಮೀನು ಒಣಗಿಸಿದ್ದಳು. "ಜಟ್ಟು, ಕಾಗೆ ಕಾಯ್ತಾ ಇರು" ಅಂತ ಹೇಳಿ ಪೇಟೆಗೆ ಹೋದಳು. ವಾಪಸ್ ಬಂದು ನೋಡ್ತಾಳೆ, ಅಂಗಳದಲ್ಲಿ ಏಳು ಬೆಕ್ಕು ಹೊಟ್ಟೆ ಮೇಲೆ ಮಾಡ್ಕೊಂಡು ಮಲಗಿದ್ದಾವೆ. ಮೀನು ಒಂದೂ ಇಲ್ಲ.

"ಅಯ್ಯೋ! ಎಂತದೋ ಇದು?"

"ಒಂದೇ ಒಂದು ಕಾಗೆ ಬರ್ಲಿಲ್ಲ ಅವ್ವಾ!"

"ಬೆಕ್ಕು?"

"ಬೆಕ್ಕಿನ ಸುದ್ದಿ ನೀನು ಹೇಳ್ಲೇ ಇಲ್ವಲ್ಲ!"

ಮಾಸ್ತಕ್ಕ ಹಣೆ ಹಣೆ ಬಡ್ಕೊಂಡಳು. "ಇವನನ್ನ ಹೆತ್ತೆನಲ್ಲಾ!" ಅಂದಳು. ಜಟ್ಟು ಅಂದ: "ಹೇಳಿದ ಹಾಗೇ ಮಾಡಿದೆ ಅವ್ವಾ!"

ಅದು ಅವನ ಮಾತು. ಜನ್ಮಕ್ಕೆ ಅದೊಂದೇ ಮಾತು.

ಈಗ ಕೇಳಿ. ನೀಲುವನ್ನ ಕೊಟ್ಟಿದ್ದು ಹೊಳೆ ನಡುವಿನ ಕುರ್ವೆಗೆ. ನಾಲ್ಕೂ ಕಡೆ ನೀರು. ದೋಣಿ ಬಿಟ್ರೆ ದಾರಿ ಇಲ್ಲ. ನೀಲು ಬಸುರಾದಳು, ದಿನ ತುಂಬ್ತಾ ಬಂತು. ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕಲ್ಲ? ಮಾಸ್ತಕ್ಕ ತುಪ್ಪ ಕಾಯಿಸಿ ಇಟ್ಟಳು. ಬಾಣಂತಿ ಲೇಹ್ಯಕ್ಕೆ ಬೇರು ಕುಟ್ಟಿದಳು. ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ತೊಳೆದಳು. ಆ ತೊಟ್ಟಿಲಲ್ಲಿ ನೀಲುವನ್ನ ತೂಗಿದ್ದಳು, ಈಗ ನೀಲುವಿನ ಮಗುವನ್ನ ತೂಗ್ಬೇಕು. ಅವಳಿಗೆ ಬೇರೆ ಆಸೆಯೇ ಇಲ್ಲ ಮಾರಾಯ್ರೇ, ಅದೊಂದೇ.

ಆದರೆ ನೀಲುವಿನ ಅತ್ತೆ ದೇವಕ್ಕ ಅಡ್ಡ ನಿಂತಳು. ಯಾಕೆ? ಮದುವೆ ಮುಗಿಸಿ ದಿಬ್ಬಣ ಹೋಗುವಾಗ ಮಾಸ್ತಕ್ಕನ ಹಳೇ ದೋಣಿ ವಾಲಿ, ದೇವಕ್ಕ ರೇಷ್ಮೆ ಸೀರೆ ಸಮೇತ ಹೊಳೆಗೆ ಬಿದ್ದಿದ್ದಳು. ಮೂಗುತಿ ಮೀನಿನ ಪಾಲಾಯ್ತು. ಅದನ್ನ ಮರೀತಾಳಾ? ಹೇಳಿ ಕಳಿಸಿದಳು: "ಒಂಟಿ ದೋಣಿಯಲ್ಲಿ ನನ್ನ ಸೊಸೆ ಕೂರೋದಿಲ್ಲ! ಅಲುಗದ ಜೋಡಿದೋಣಿ ತಂದ್ರೆ ಕಳಿಸ್ತೇನೆ. ಹುಣ್ಣಿಮೆ ದಿನ ಬರಬೇಕು. ತಪ್ಪಿದ್ರೆ ಹೆರಿಗೆ ಇಲ್ಲೇ, ಬಾಣಂತನವೂ ಇಲ್ಲೇ!"

ಜೋಡಿದೋಣಿ ಗೊತ್ತಲ್ಲ? ಎರಡು ಸಣ್ಣ ದೋಣಿ ಪಕ್ಕ ಪಕ್ಕ ಇಡೋದು. ಅಡ್ಡಕ್ಕೆ ಎರಡು ತೊಲೆ ಹಾಕಿ, ನಾರಿನ ಹಗ್ಗದಲ್ಲಿ ಬಿಗಿದು ಕಟ್ಟೋದು. ತೊಲೆ ಮೇಲೆ ಹಲಗೆ, ಒಂದು ಹಾಯಿ. ಮೊಳೆ ಗಿಳೆ ಇಲ್ಲ. ಉಪ್ಪುನೀರಿಗೆ ಮೊಳೆ ತುಕ್ಕು ಹಿಡೀತದೆ, ನಾರು ಒದ್ದೆಯಾದಷ್ಟೂ ಬಿಗೀತದೆ. ನಾಲ್ಕು ಮೂಲೆಗೆ ನಾಲ್ಕು ಕಟ್ಟು. ಸಂಸಾರ ಸಮೇತ ಕೂತು ಹೋಗ್ಬಹುದು, ಮಡಿಲಲ್ಲಿಟ್ಟ ಗಿಂಡಿಯ ನೀರು ತುಳುಕೋದಿಲ್ಲ.

ಹುಣ್ಣಿಮೆಗೆ ಎಂಟು ದಿನ. ಮಾಸ್ತಕ್ಕ ಹೊಸ ಮೀನು ಹರವಿದ್ದಳು, ಈ ಸಲ ಕಾಗೆಯನ್ನೂ ಬೆಕ್ಕನ್ನೂ ಅವಳೇ ಕಾಯ್ಬೇಕು. ಇನ್ನಾರಿದ್ದಾರೆ ಕಳಿಸೋಕೆ?

"ಜಟ್ಟು! ಬೆಲೆ ನಾನು ಮಾತಾಡ್ತೇನೆ. ನೀನು ದೋಣಿ ನೋಡಿ ಬಾ. ಸಣ್ಣದಿರ್ಬೇಕು, ಮೊಣಕಾಲುದ್ದ ನೀರಲ್ಲೂ ತೇಲ್ಬೇಕು, ಹಾಯಿ ಒಬ್ಬನೇ ಇಳಿಸೋ ಹಾಗಿರ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು."

"ಮತ್ತೆ, ಕುಟ್ಟಿ ನೋಡು. ಟಣ್ ಅಂದ್ರೆ ಗಟ್ಟಿ. ಬೊದ್ ಅಂದ್ರೆ ಒಳಗೆ ಪೊಳ್ಳು. ಕುಟ್ಟದೆ ಯಾವುದನ್ನೂ ಒಪ್ಪಬೇಡ!"

"ಒಪ್ಪೋದಿಲ್ಲ ಅವ್ವಾ."

ಹೋದ. ಕೈಯಲ್ಲಿ ಒಂದು ಮರದ ಸುತ್ತಿಗೆ. ಮೊದಲು ಸಿಕ್ಕಿದ್ದು ದೋಣಿ ಕಟ್ಟೋ ಹಮ್ಮಣ್ಣ. ದೋಣಿ ಚೆನ್ನಾಗೇ ಇತ್ತು. ಜಟ್ಟು ಈ ಕಡೆ ಕುಟ್ಟಿದ, ಟಣ್! ಆ ಕಡೆ ಕುಟ್ಟಿದ, ಟಣ್! ಹಮ್ಮಣ್ಣನಿಗೆ ಖುಷಿ. "ಪರವಾಗಿಲ್ವೇ, ದೋಣಿ ಗೊತ್ತಿರೋ ಹುಡುಗ!" ಅಂದ. ಹೆಂಡತಿಯನ್ನ ಕರೆದು ಮಜ್ಜಿಗೆ ತರ್ಸಿದ. ಹೊಸ ಮಣ್ಣಿನ ಗಡಿಗೆಯಲ್ಲಿ ಮಜ್ಜಿಗೆ ಬಂತು.

"ತಗೋ ಮಾರಾಯಾ, ಕುಡಿ."

ಕುಟ್ಟದೆ ಒಪ್ಪೋ ಹಾಗಿಲ್ಲವಲ್ಲ! ಕುಟ್ಟಿದ. ಗಡಿಗೆ ಟಣ್ ಅನ್ನಲಿಲ್ಲ, ಬೊದ್ ಅನ್ನಲಿಲ್ಲ, ಫಳ್ ಅಂತು. ಮಜ್ಜಿಗೆಯೆಲ್ಲ ಹಮ್ಮಣ್ಣನ ಪಂಚೆ ಮೇಲೆ.

"ಏ, ಏ! ಎಂತ ಮಾಡ್ತೀಯೋ? ಹೋಗ್ಲಿ, ದೋಣಿ ಆಗ್ಬಹುದಾ? ಹಿರಿಯ ನಾನು ಹೇಳ್ತಿದ್ದೇನೆ, ನನ್ನ ಮಾತು ಒಪ್ಪು!"

ಜಟ್ಟು ಯೋಚನೆ ಮಾಡಿದ. ಹಮ್ಮಣ್ಣನ ಮಾತು ಒಪ್ಪಬೇಕಾದ್ರೆ ಎಲ್ಲಿ ಕುಟ್ಟಬೇಕು? ಮಾತು ಬರೋದು ತಲೆಯಿಂದ. ಹಮ್ಮಣ್ಣನದು ಬೋಳು ತಲೆ. ಮೆಲ್ಲಗೇ ಕುಟ್ಟಿದ, ಪಾಪ.

"ಬೊದ್ ಅಂತದೆ ಹಮ್ಮಣ್ಣಾ! ನಿಮ್ಮ ಮಾತು ಬೇಡ!"

ಹಮ್ಮಣ್ಣ ಹುಟ್ಟು ಎತ್ಕೊಂಡು ಅಟ್ಟಿಸಿಕೊಂಡು ಬಂದ. ಜಟ್ಟು ಮನೆ ತನಕ ಓಡಿದ.

"ಹೇಳಿದ ಹಾಗೇ ಮಾಡಿದೆ ಅವ್ವಾ!"

"ಹೇಳಿದ್ದು ಹಾಗಲ್ಲವೋ ಪೆದ್ದೇ! ಹಿರಿಯರ ಮೇಲೆ ಯಾರಾದ್ರೂ ಕೈ ಎತ್ತುತ್ತಾರಾ? ಹಿರಿಯರು ಎದುರಿಗಿದ್ರೆ ಕೈ ಕಟ್ಟಿ ನಿಲ್ಬೇಕು! ಅವರು ಎಂತ ಅಂದ್ರೂ ಕಟ್ಟಿದ ಕೈ ಬಿಡಬಾರದು!"

"ಹಾಗೇ ಮಾಡ್ತೇನೆ ಅವ್ವಾ."

ಹುಣ್ಣಿಮೆಗೆ ಆರು ದಿನ. ಈ ಸಲ ಹೊಳೆಯಂಚಿನ ಬುದ್ಯಣ್ಣನ ಮನೆಗೆ ಹೋದ. ಬುದ್ಯಣ್ಣ ಎಂಬತ್ತು ದಾಟಿದ ಮುದುಕ. ಜಟ್ಟು ನೆಟ್ಟಗೆ ನಿಂತ, ಕೈ ಕಟ್ಟಿದ. ಬುದ್ಯಣ್ಣನಿಗೆ ಕಣ್ಣೀರೇ ಬಂತು. "ಈ ಕಾಲದಲ್ಲೂ ಇಂಥ ಮಕ್ಕಳು ಇದ್ದಾರಾ!" ಅಂದ. ತಾನೇ ಹೋಗಿ ಜೋಡಿದೋಣಿಯನ್ನ ನೀರಿಗೆ ತಳ್ಳಿದ. ಹಗುರದ ದೋಣಿ, ಬಾತುಕೋಳಿ ಹಾಗೆ ತೇಲ್ತು. ಹಗ್ಗದ ತುದಿ ಹಿಡ್ಕೊಂಡು ಬಂದು ಅಂದ:

"ಹಿಡ್ಕೋ ತಮ್ಮಾ, ಹುಟ್ಟು ತರ್ತೇನೆ."

ಜಟ್ಟು ಕೈ ಕಟ್ಟಿ ನಿಂತೇ ಇದ್ದ. ಹಗ್ಗ ನೆಲಕ್ಕೆ ಬಿತ್ತು.

"ಏ, ಹಗ್ಗ! ಹಗ್ಗ ಹೋಯ್ತು! ಹಿಡಿಯೋ!"

ಜಟ್ಟು ಇನ್ನೂ ಬಿಗಿಯಾಗಿ ಕೈ ಕಟ್ಟಿದ. ಇಳಿನೀರಿನ ಹೊತ್ತು. ದೋಣಿ ಮೆಲ್ಲಗೆ ಹಿಂದೆ ಸರೀತು, ಮೆಲ್ಲಗೆ ತಿರುಗ್ತು, ಆಮೇಲೆ ಮೆಲ್ಲಗೆ ಅನ್ನೋದೇನೂ ಉಳೀಲಿಲ್ಲ, ಸೀದಾ ಸಮುದ್ರದ ಬಾಯಿಗೆ ಹೊರಟಿತು. ಎಂಬತ್ತು ದಾಟಿದ ಮುದುಕ ಪಂಚೆ ಬಿಚ್ಚಿ ಎಸೆದು ನೀರಿಗೆ ಹಾರಿದ. ಬುದ್ಯಣ್ಣ ಈಜೋದನ್ನ ಅವನ ಮೊಮ್ಮಕ್ಕಳು ಅವತ್ತೇ ಮೊದಲು ನೋಡಿದ್ದಂತೆ. ಸಮುದ್ರದಿಂದ ಬರ್ತಿದ್ದ ಮೀನಿನ ದೋಣಿಯವರು ಮುದುಕನನ್ನೂ ಜೋಡಿದೋಣಿಯನ್ನೂ ಒಟ್ಟಿಗೇ ಎಳ್ಕೊಂಡು ಬಂದರು. ದಡದಲ್ಲಿ ಜಟ್ಟು ನಿಂತಿದ್ದ. ಕೈ ಕಟ್ಟಿತ್ತು.

"ಈ ಬಡ್ಡೀಮಗನಿಗೆ ಒಂದು ಹಲಗೆ ಚೂರೂ ಕೊಡೋದಿಲ್ಲ!" ಅಂತ ಬುದ್ಯಣ್ಣ ನಡುಗ್ತಾ ಕೂಗಿದ.

"ಹೇಳಿದ ಹಾಗೇ ಮಾಡಿದೆ ಅವ್ವಾ!"

"ಹೇಳಿದ್ದು ಹಾಗಲ್ಲವೋ! ಕೈಗೆ ಕೊಟ್ಟ ಹಗ್ಗ ಬಿಡ್ತಾರೇನೋ? ದೋಣಿ ನೀರಿಗೆ ಬಿತ್ತೋ, ಮೊದಲು ಕಟ್ಟು! ಕಂಬ ಸಿಕ್ಕಿದ್ರೆ ಕಂಬಕ್ಕೆ, ಮರ ಸಿಕ್ಕಿದ್ರೆ ಮರಕ್ಕೆ! ಎರಡು ಗಂಟು ಹಾಕು! ಯಾರು ಬಿಚ್ಚು ಅಂದ್ರೂ ಬಿಚ್ಚಬೇಡ!"

"ಹಾಗೇ ಮಾಡ್ತೇನೆ ಅವ್ವಾ."

ಮಾಸ್ತಕ್ಕ ಒಳಗೆ ಹೋಗಿ ತೊಟ್ಟಿಲು ಮುಟ್ಟಿ ಕೂತಳು. ಅತ್ತಳು ಕೂಡ. ಖಾಲಿ ತೊಟ್ಟಿಲನ್ನ ಒಂದು ಸಲ ತೂಗಿದಳು, ಖಾಲಿ ತೊಟ್ಟಿಲು ತೂಗಬಾರದು ಅಂತ ನೆನಪಾಗಿ ಗಬಕ್ಕನೆ ಹಿಡಿದು ನಿಲ್ಸಿದಳು.

ಹುಣ್ಣಿಮೆಗೆ ಮೂರೇ ದಿನ. ಉಳಿದಿದ್ದು ಒಂದೇ ದೋಣಿ, ಸಾಂತಯ್ಯನದು. ಸಾಂತಯ್ಯನಿಗೆ ದಡದಲ್ಲಿ ಒಂದು ಚಾ ಅಂಗಡಿ. ನಾಲ್ಕು ಕಂಬ, ಮೇಲೆ ತೆಂಗಿನ ಗರಿ ಹೆಣೆದ ಮಡ್ಲಿನ ಮಾಡು. ಸಾಂತಯ್ಯ ಜಟ್ಟುವಿನ ಸುದ್ದಿ ಕೇಳಿದ್ದ. ಸುತ್ತಿಗೆ ಇಲ್ಲ ಅಂತ ನೋಡ್ಕೊಂಡ. ಕೈ ಕಟ್ಟಿಲ್ಲ ಅಂತ ನೋಡ್ಕೊಂಡ. ಆಮೇಲೆ ಅಂದ:

"ದೋಣಿ ಅಲ್ಲಿ ತೇಲ್ತಾ ಉಂಟು. ಹಾಯಿ ಎತ್ತಿ ಒಂದು ಸುತ್ತು ಹೋಗಿ ಬಾ. ನಿಂಗೇ ಗೊತ್ತಾಗ್ತದೆ."

ಜಟ್ಟು ಮೊದಲು ದೋಣಿಯ ಹಗ್ಗ ತಗೊಂಡ. ಉದ್ದದ ಹಗ್ಗ, ಸುರುಳಿ ಸುತ್ತಿತ್ತು. ಕಂಬ ಹುಡುಕಿದ. ಹತ್ತಿರ ಇದ್ದಿದ್ದು ಚಾ ಅಂಗಡಿಯ ಕಂಬ. ಕಟ್ಟಿದ. ಒಂದು ಗಂಟು. ಎರಡು ಗಂಟು. ಆಮೇಲೆ ಹೋಗಿ ಹಾಯಿ ಎತ್ತಿದ.

ಮಧ್ಯಾಹ್ನದ ಗಾಳಿ. ಹಾಯಿ ಉಬ್ಬಿತು. ದೋಣಿ ಹೊರಟಿತು, ಹಗ್ಗದ ಸುರುಳಿ ಸರ ಸರ ಬಿಚ್ಚಿಕೊಂಡು ಓಡಿತು. ಅಂಗಡಿಯಲ್ಲಿ ಎಂಟು ಜನ ಚಾ ಕುಡೀತಾ ಇದ್ದರು. ಒಬ್ಬ ನೋಡಿದ.

"ಏ ಜಟ್ಟು! ಬಿಚ್ಚೋ! ಹಗ್ಗ ಬಿಚ್ಚೋ!"

"ಯಾರು ಹೇಳಿದ್ರೂ ಬಿಚ್ಚೋದಿಲ್ಲ!" ಅಂದ ಜಟ್ಟು ದೋಣಿಯಿಂದ.

ಹಗ್ಗ ಬಿಗೀತು. ಕಂಬ ಕಿರ್ ಅಂತು. ಮಾಡು ಒಂದು ಸಲ ತೂಗಿತು, ಎರಡು ಸಲ ತೂಗಿತು, ಆಮೇಲೆ ಎಂಟು ಜನರ ತಲೆ ಮೇಲೆ ಕೂತಿತು. ಮಡ್ಲಿನ ಒಳಗಿಂದ ಕೆಮ್ಮು, ಬೈಗುಳ, "ನನ್ನ ಚಾ!" ಅಂತ ಒಂದು ಕೂಗು. ಕಂಬ ಮಾತ್ರ ನೀರಲ್ಲಿ ದೋಣಿಯ ಹಿಂದೆ ಹಿಂದೆ ಹೊರಟಿತ್ತು.

"ಸಾಂತಯ್ಯಾ!" ಅಂತ ಜಟ್ಟು ಕೂಗಿ ಹೇಳಿದ. "ಗಂಟು ಗಟ್ಟಿ ಉಂಟು!"

ಮನೆಗೆ ಬಂದ.

"ಹೇಳಿದ ಹಾಗೇ ಮಾಡಿದೆ ಅವ್ವಾ!"

"ಹೇಳಿದ್ದು ಹಾಗಲ್ಲವೋ ನನ್ನ ಕರ್ಮವೇ! ಹೊರಡೋ ಮುಂಚೆ ಬಿಚ್ಚಬೇಕೋ! ಹೊರಡುವಾಗ ಒಂದು ಗಂಟೂ ಉಳೀಬಾರದು! ಎಲ್ಲಾ ಬಿಚ್ಚಬೇಕು, ಎಲ್ಲಾ!" ಬೈತಾ ಬೈತಾ ಮಾಸ್ತಕ್ಕ ಥಟ್ಟನೆ ನಿಂತಳು. "ತಡಿ. ಅಂಗಡಿ ಬಿತ್ತಾ?"

"ಬಿತ್ತು ಅವ್ವಾ."

"ದೋಣಿ ವಾಲ್ತಾ?"

"ಇಲ್ಲ ಅವ್ವಾ."

"ಒಂಚೂರೂ?"

"ನಾನು ನಿಂತೇ ಇದ್ದೆ ಅವ್ವಾ."

ಮಾಸ್ತಕ್ಕನ ಮುಖ ಅರಳಿತು. ಅಂಗಡಿ ಎಳೆದು ಕೆಡವಿದ್ರೂ ವಾಲದ ದೋಣಿ! ಅದಕ್ಕಿಂತ ದೋಣಿ ಬೇಕಾ? ಸೆರಗು ಸಿಕ್ಕಿಸಿ ಆಗಲೇ ಸಾಂತಯ್ಯನ ಹತ್ತಿರ ಹೋದಳು. ಬೆಲೆ ಗಿಲೆ ಅವರವರೇ ಮಾತಾಡ್ಕೊಂಡರು, ನಂಗೆ ಅದೆಲ್ಲ ಬೇಡ. ಸಾಂತಯ್ಯ ಕೇಳಿದ್ದು ಒಂದೇ ಮಾತು: "ದೋಣಿ ತಗೊಂಡು ಹೋಗು ಅಕ್ಕಾ. ಮಗನನ್ನ ಮಾತ್ರ ಮತ್ತೆ ಕಳಿಸಬೇಡ." ಮಾರನೇ ದಿನ ಜಟ್ಟುವೇ ಹೋಗಿ ಕಂಬ ನೆಟ್ಟು ಮಾಡು ಹೊದಿಸಿ ಬಂದ. ಅಷ್ಟು ದಿನದಲ್ಲಿ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರ್ಬೇಕು.

ಏ ಮಾಬ್ಲಾ, ಬಲೆ ಸಡಿಲ ಬಿಡಬೇಡ. ಬಿಗಿ ಹಿಡಿ. ಕೇಳ್ತಾ ಕೇಳ್ತಾ ಕೈ ಮರೀತೀಯ ನೀನು.

ಹುಣ್ಣಿಮೆ ಬಂತು. ಬೆಳಿಗ್ಗೆ ಮಾಸ್ತಕ್ಕ ತಾನೇ ಹಗ್ಗ ಬಿಚ್ಚಿ ದೋಣಿ ಹತ್ತಿದಳು, ಜಟ್ಟು ಹಾಯಿ ಎತ್ತಿದ. ಕುರ್ವೆಯ ದಡದಲ್ಲಿ ದೇವಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ದೋಣಿ ಸುತ್ತ ಮೂರು ಸುತ್ತು ಬಂದಳು. ಹಲಗೆ ಮೇಲೆ ಹತ್ತಿ ಕುಣಿದು ನೋಡಿದಳು. ದೋಣಿ ಅಲುಗಲಿಲ್ಲ.

"ಹಾಂ. ಇದು ದೋಣಿ. ಯಾರು ಆರಿಸಿದ್ದು?"

"ನಮ್ಮ ಜಟ್ಟು" ಅಂದಳು ಮಾಸ್ತಕ್ಕ. ಹಾಗನ್ನೋವಾಗ ಅವಳ ದನಿ ಒಂಚೂರು ಎತ್ತರವೇ ಇತ್ತು.

ನೀಲುವನ್ನ ಒಂದು ದೋಣಿಯಲ್ಲಿ ಕೂರಿಸಿದರು. ತೂಕ ಸರಿ ಹೋಗಲಿ ಅಂತ ಮಾಸ್ತಕ್ಕ ಇನ್ನೊಂದರಲ್ಲಿ ಕೂತಳು. ದೇವಕ್ಕ ಒಂದೇ ಸಮ ಬುದ್ಧಿ ಹೇಳ್ತಿದ್ದಳು, ನೀಲು ಮೂಗು ಒರೆಸ್ಕೊಳ್ತಿದ್ದಳು, ಮಾಸ್ತಕ್ಕ ಮಗಳನ್ನೇ ನೋಡ್ತಿದ್ದಳು. ಜಟ್ಟುವನ್ನ ಯಾರೂ ನೋಡಲಿಲ್ಲ. ಜಟ್ಟು ಗಂಟು ಬಿಚ್ಚುತ್ತಿದ್ದ. ದಡದ ಗಂಟು ಬಿಚ್ಚಿದ. ಬುತ್ತಿಯ ಗಂಟು ಬಿಚ್ಚಿದ. ಪಕ್ಕದಲ್ಲಿ ದೇವಕ್ಕನ ಕರು ಕಟ್ಟಿತ್ತು, ಅದನ್ನೂ ಬಿಚ್ಚಿದ. ಆಮೇಲೆ ಹಲಗೆ ಕೆಳಗೆ ಬಗ್ಗಿ ತೊಲೆಯ ಕಟ್ಟು ಬಿಚ್ಚಿದ. ಒಂದು. ಎರಡು. ಮೂರು. ನಾಲ್ಕು. ಉಪ್ಪುನೀರು ಕುಡಿದ ನಾರು, ಕಬ್ಬಿಣದ ಹಾಗೆ ಬಿಗಿದಿತ್ತು. ಹಲ್ಲಲ್ಲಿ ಕಚ್ಚಿ ಬಿಚ್ಚಿದ.

"ಆಯ್ತೇನೋ?" ಅಂದಳು ಮಾಸ್ತಕ್ಕ.

"ಆಯ್ತು ಅವ್ವಾ! ಒಂದು ಗಂಟೂ ಇಲ್ಲ!"

"ನನ್ನ ಬಂಗಾರ!" ಅಂದಳು. ಪಾಪ.

ಹೊರಟರು. ತೊಲೆ ತನ್ನ ಭಾರಕ್ಕೇ ಕೂತಿತ್ತು, ಯಾರಿಗೂ ತಿಳೀಲಿಲ್ಲ. ಅರ್ಧ ಹೊಳೆ ದಾಟಿದರು. ಅಲ್ಲಿ ಒಂದು ಗಾಳಿ ಬಂತು. ಮುಂದಿನ ತೊಲೆ ಸರಕ್ಕನೆ ಜಾರಿ ನೀರಿಗೆ ಬಿತ್ತು. ಹಿಂದಿನದೂ ಬಿತ್ತು. ಹಲಗೆಗಳು ಒಂದೊಂದಾಗಿ ತೇಲಿ ಹೋದವು. ಜಟ್ಟು ಹಾರಿ ತಾಯಿಯ ದೋಣಿಗೆ ಬಿದ್ದ. ಎರಡು ದೋಣಿ ನಡುವೆ ಒಂದು ಗೇಣು ನೀರು ಕಂಡಿತು. ಆಮೇಲೆ ಒಂದು ಮೊಳ.

"ಅವ್ವಾ!" ಅಂದಳು ನೀಲು. ಒಂಟಿ ದೋಣಿ ಅವಳನ್ನ ಕೂರಿಸ್ಕೊಂಡು ವಾಲಿತು. ಹಾಯಿ ಇದ್ದಿದ್ದು ಅವಳ ದೋಣಿಯಲ್ಲೇ.

ಮಾಸ್ತಕ್ಕನ ಜೀವ ಬಾಯಿಗೆ ಬಂತು. "ಹಿಡಿಯೋ! ಹಿಡಿಯೋ ಜಟ್ಟು! ನಾನು ಬಿಡು ಅನ್ನೋ ತನಕ ಬಿಡಬೇಡ!"

ಜಟ್ಟು ತಾಯಿಯ ದೋಣಿಯ ಅಂಚಿಗೆ ಕಾಲು ಸಿಕ್ಕಿಸಿದ, ಉದ್ದಕ್ಕೆ ಬಿದ್ದ, ತಂಗಿಯ ದೋಣಿಯ ಅಂಚು ಎರಡೂ ಕೈಯಲ್ಲಿ ಹಿಡಿದ. ತೊಲೆ ಹಾಗೆ ಇದ್ದ ಅಂದೆನಲ್ಲ, ತೊಲೆಯೇ ಆದ. ಎರಡು ದೋಣಿ ಮತ್ತೆ ಜೋಡಿಯಾಯ್ತು.

"ನೀಲು, ಹಾಯಿ ಇಳಿಸು!" ಅಂತ ಮಾಸ್ತಕ್ಕ ಕೂಗಿದಳು. ನೀಲು ಕೂತಲ್ಲೇ ಹಗ್ಗ ಬಿಟ್ಟು ಹಾಯಿ ಇಳಿಸಿದಳು. ಒಬ್ಬರೇ ಇಳಿಸೋ ಹಾಗಿರ್ಬೇಕು ಅಂತ ಮಾಸ್ತಕ್ಕ ಕೇಳಿದ್ದು ಸುಮ್ಮನೆ ಅಲ್ಲ. ಮಾಸ್ತಕ್ಕ ಹುಟ್ಟು ಹಾಕಿದಳು, ಏರುನೀರು ತಳ್ಳಿತು. ಅಲೆ ಬಂದಾಗೆಲ್ಲ ಜಟ್ಟುವಿನ ಹೊಟ್ಟೆಗೆ ಬಡೀತಿತ್ತು. ಬಾಯಿಗೆ ನೀರು ಹೋಯ್ತು, ಮೂಗಿಗೆ ಹೋಯ್ತು. ಕೈ ಬಿಡಲಿಲ್ಲ. ಮಟ ಮಟ ಮಧ್ಯಾಹ್ನಕ್ಕೆ, ನೀರು ತುಂಬಿದ ಹೊತ್ತಿಗೆ, ಮರಳುಕೇರಿಯ ದಡ ಮುಟ್ಟಿದರು.

ಮುಟ್ಟಿದ್ದೇ ತಡ, ನೀಲು ಹೊಟ್ಟೆ ಹಿಡ್ಕೊಂಡಳು. "ಅವ್ವಾ, ನೋವು!"

ಆಮೇಲೆ ಕೇಳ್ಬೇಕಾ? ಮಾಸ್ತಕ್ಕ ಮಗಳನ್ನ ಅಪ್ಪಿಕೊಂಡು ಮನೆಗೆ ಓಡಿದಳು. ಸೂಲಗಿತ್ತಿ ಬಂದಳು, ಬಿಸಿನೀರು ಬಂತು, ಕೇರಿಯ ಹೆಂಗಸರೆಲ್ಲ ಬಂದರು. ಅವತ್ತು ಆ ಮನೆಯಲ್ಲಿ ಅನ್ನ ಬೇಯಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಹೆಣ್ಣುಮಗು. ಮಾಸ್ತಕ್ಕ ಮಗುವಿಗೆ ಎಣ್ಣೆ ಹಚ್ಚಿ, ಮೀಯಿಸಿ, ಸುತ್ತಿ, ಎದೆಗೆ ಒತ್ತಿ ಹಿಡಿದಳು. ಅವಳಿಗೆ ಲೋಕವೇ ಮರೆತು ಹೋಯ್ತು.

ಮಾರನೇ ದಿನ ಮಧ್ಯಾಹ್ನ ಊಟಕ್ಕೆ ತಟ್ಟೆ ಇಟ್ಟಳು. ನೀಲುವಿಗೊಂದು, ಸೂಲಗಿತ್ತಿಗೊಂದು, ತನಗೊಂದು. ಒಂದು ತಟ್ಟೆ ಉಳೀತು.

"ಅಯ್ಯೋ! ಜಟ್ಟು ಎಲ್ಲಿ?"

ದಡಕ್ಕೆ ಓಡಿದಳು. ನೀರು ಇಳಿದು, ಏರಿ, ಮತ್ತೆ ಇಳಿದು, ಈಗ ಮತ್ತೆ ತುಂಬಿ ನಿಂತಿತ್ತು. ದಡದಲ್ಲಿ ಎರಡು ದೋಣಿ. ನಡುವೆ ಜಟ್ಟು. ಮೈಯೆಲ್ಲ ಕೆಸರು, ತುಟಿ ಬಿಳುಚಿ ಬಿರುಕು ಬಿಟ್ಟಿತ್ತು, ಬೆನ್ನ ಮೇಲೆ ಒಂದು ಕಾಗೆ ಕೂತಿತ್ತು. ಕಾಲು ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ, ಕೈ ಹಿಡಿದಿದ್ದು ಹಿಡಿದ ಹಾಗೇ. ಕತ್ತು ಎತ್ತಿ ನೋಡಿದ.

"ಅವ್ವಾ, ಬಿಡಲಾ?"

ಮಾಸ್ತಕ್ಕ ನೀರಿಗಿಳಿದು ಅವನ ತಲೆ ತಬ್ಬಿಕೊಂಡಳು. ಅಳು ಒತ್ತರಿಸಿ ಬಂತು. "ಬಿಡೋ ನನ್ನಪ್ಪಾ! ಬಿಡು, ಬಿಡು! ಎಲ್ಲಾ ಬಿಟ್ಟು ಊಟಕ್ಕೆ ಬಾ!"

ಜಟ್ಟು ಬಿಟ್ಟ. ಎಲ್ಲಾ ಬಿಟ್ಟ. ಆ ಹೊತ್ತಿಗೆ ಸರಿಯಾಗಿ ನೀರು ಇಳಿಯೋಕೆ ಶುರುವಾಗಿತ್ತು. ಒಂದು ದೋಣಿ ಹೊರಟಿತು. ಅದರ ಹಿಂದೆ ಇನ್ನೊಂದು ಹೊರಟಿತು. ಇಬ್ಬರೂ ಊಟಕ್ಕೆ ಅಂತ ದಡ ಹತ್ತಿ ಬಂದು ತಿರುಗಿ ನೋಡುವಾಗ ಎರಡೂ ಸಮುದ್ರದ ಬಾಯಿ ದಾಟ್ತಾ ಇದ್ದವು.

"ಹೇಳಿದ ಹಾಗೇ ಮಾಡಿದೆ ಅವ್ವಾ!"

ಮಾಸ್ತಕ್ಕ ಬೈಯೋಕೆ ಬಾಯಿ ತೆರೆದಳು. ಒಳಗೆ ಮಗು ಅತ್ತಿತು. ಆಗ ಅವಳಿಗೆ ಹೊಳೀತು: ದೋಣಿ ಇಲ್ಲ. ಒಂಟಿ ದೋಣಿಯಲ್ಲಿ ನೀಲು ಕೂರಬಾರದು ಅಂತ ದೇವಕ್ಕನೇ ಹೇಳಿದ್ದು. ಮಳೆ ಬರೋ ಹೊತ್ತು, ಇನ್ನು ಬೇರೆ ಜೋಡಿದೋಣಿ ಸಿಗೋದಿಲ್ಲ. ಮೂರು ತಿಂಗಳಿಗೆ ಅಂತ ಬಂದ ಮಗಳು ಮಳೆಗಾಲ ಪೂರ್ತಿ ಇಲ್ಲೇ. ಮಗುವೂ ಇಲ್ಲೇ. ತೆರೆದ ಬಾಯಿ ಮುಚ್ಚಿದಳು. ಬೈಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಹೇಳಿದ್ರೆ ಅದನ್ನೂ ಮಾಡ್ತಾನಲ್ಲ! ಅನ್ನ ಮಾತ್ರ ಎರಡು ಸೌಟು ಜಾಸ್ತಿ ಬಡಿಸಿದಳು.

ಅಷ್ಟೇ. ಬಲೆಯೂ ಆಯ್ತು, ಬೆಳಕೂ ಹೋಯ್ತು. ಏಳಿ ಇನ್ನು. ಏ ಮಾಬ್ಲಾ, ಎಲ್ಲರೂ ಎದ್ದರು, ನೀನ್ಯಾಕೆ ಇನ್ನೂ ತುದಿ ಹಿಡ್ಕೊಂಡು ಕೂತಿದ್ದೀ? ಬಿಡೋ ಮಾರಾಯಾ!